ಅಂಗಡಿ, ಮಂಡಿಗಳಲ್ಲಿ ದೇಣಿಗೆ ಕೇಳುವ ಯುವಕ ಸಂಘಗಳಿಗೆ
ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ದೇಣಿಗೆ ಕೇಳಲು ಹೋಗುವ ಯುವಕ ಸಂಘದವರು, ವ್ಯಾಪಾರದ ಭರಾಟೆಯ ಹೊತ್ತನ್ನು ಬಿಟ್ಟು, ಮೊದಲೇ ಕೇಳಿಕೊಂಡ ಸಮಯಕ್ಕೆ ಇಬ್ಬರೇ ಹೋಗುವುದು ಒಳ್ಳೆಯದು. ಹತ್ತು ಜನ ಗಲ್ಲಾಪೆಟ್ಟಿಗೆಯ ಮುಂದೆ ನಿಂತರೆ ವಿನಂತಿಯೂ ಒತ್ತಾಯವಾಗಿಬಿಡುತ್ತದೆ. ಮನವಿ ಪತ್ರದಲ್ಲಿ ಸಂಘದ ನೋಂದಣಿ ಸಂಖ್ಯೆ, ಕಾರ್ಯಕ್ರಮದ ದಿನಾಂಕ, ಖರ್ಚಿನ ಅಂದಾಜು ಇರಲಿ. ‘ಕೈಲಾದಷ್ಟು ಕೊಡಿ’ ಎನ್ನುವುದಕ್ಕಿಂತ ‘ಕಬಡ್ಡಿ ಅಂಕಣದ ದೀಪದ ಖರ್ಚನ್ನು ತಾವು ವಹಿಸಿಕೊಳ್ಳುವಿರಾ?’ ಎಂದು ಕೇಳುವುದೇ ಮೇಲು, ಏಕೆಂದರೆ ಹಣ ಎಲ್ಲಿಗೆ ಹೋಯಿತೆಂಬುದು ಆಗ ಕೊಟ್ಟವರ ಕಣ್ಣಿಗೆ ಕಾಣುತ್ತದೆ. ರೈಸ್ ಮಿಲ್ಲಿನವರು ಅಕ್ಕಿ ಕೊಟ್ಟರೂ ಅದು ದೇಣಿಗೆಯೇ. ಅದಕ್ಕೂ ರಸೀದಿ ಬರೆಯಬೇಕು. ಸಂಘಕ್ಕೆ 80ಜಿ ಮಾನ್ಯತೆ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗದ ಕಾರಣ, ದೊಡ್ಡ ಮೊತ್ತವನ್ನು ಚೆಕ್ ಮೂಲಕ ಸಂಘದ ಖಾತೆಗೇ ಪಡೆಯಿರಿ. ಕಾರ್ಯಕ್ರಮ ಮುಗಿದ ವಾರದೊಳಗೆ ಅದೇ ಇಬ್ಬರು ಖರ್ಚಿನ ಲೆಕ್ಕ ಹಿಡಿದು ಮತ್ತೊಮ್ಮೆ ಹೋಗಿ ಬನ್ನಿ.