ಸೀಲ್ ಒಡೆಯುವ ಮುಂಚೆ: ಹೊಂದದ ಪಾರ್ಟ್ ವಾಪಸ್ ಕಳಿಸುವ ನನ್ನ ಪದ್ಧತಿ

"ಆನ್‌ಲೈನ್‌ನ್ಯಾಗ ತಗೊಂಡ ಬೋರ್ಡ್ ಒಮ್ಮೆ ಬಂತಂದ್ರ ಬಂತ್ರೀ, ವಾಪಸ್ ಹೋಗಂಗಿಲ್ಲ." ಬಾಗಲಕೋಟೆ ನವನಗರದಲ್ಲಿ ಕಂಪ್ಯೂಟರ್ ಅಸೆಂಬ್ಲಿ ಮಾಡುವವರು ಬಹುತೇಕ ಇದನ್ನೇ ಹೇಳುತ್ತಿದ್ದರು. ಕೆಟ್ಟ ಮಾಲಾದರೆ ಬದಲಿಸಿ ಕೊಡುತ್ತಾರೆ, ಕೆಡದೆ ಬರೀ ಹೊಂದದಿದ್ದರೆ ಯಾರೂ ಕೇಳುವುದಿಲ್ಲ ಎಂಬುದು ಅವರ ವಾದ. ಎರಡು ವರ್ಷದಲ್ಲಿ ನಾನು ಮೂವತ್ತರ ಮೇಲೆ ಪಾರ್ಟ್ ವಾಪಸ್ ಹಾಕಿದ್ದೇನೆ. ಕೈಕೊಟ್ಟಿದ್ದು ಐದೋ ಆರೋ. ಈಗ ಅದೇ ಅಂಗಡಿಯವರು ಇಂಥ ಗಿರಾಕಿಗಳನ್ನು ನನ್ನ ಕಡೆ ಕಳಿಸುತ್ತಾರೆ. ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ), ಚಿಪ್‌ಸೆಟ್ (ಬೋರ್ಡ್‌ನ ನಿಯಂತ್ರಣ ಚಿಪ್) ಇವನ್ನು ಇಲ್ಲಿ ಹೆಚ್ಚು ಬಿಡಿಸಿ ಹೇಳುವುದಿಲ್ಲ, ಈ ಕೆಲಸ ಮಾಡುವವರಿಗೆ ಅದು ಗೊತ್ತು.

ಎಲ್ಲರೂ ಮಾಡುವ ಮೊದಲ ತಪ್ಪು, ರಿಟರ್ನ್ ಕಾರಣದಲ್ಲಿ "ಡಿಫೆಕ್ಟಿವ್" ಒತ್ತುವುದು. ಹಾಗೆ ಒತ್ತಿದರೆ ಟೆಕ್ನಿಷಿಯನ್ ಬರುತ್ತಾನೆ, ಸರಿಯಾದ ರ‍್ಯಾಮ್ ಹಾಕಿ ನೋಡುತ್ತಾನೆ, ಬೋರ್ಡ್ ಆನ್ ಆಗುತ್ತದೆ, "ದೋಷ ಇಲ್ಲ" ಎಂದು ಬರೆದು ಹೋಗುತ್ತಾನೆ. ಅಲ್ಲಿಗೆ ಕೇಸ್ ಮುಗಿಯಿತು. ಆಮೇಲೆ ನಿಜ ಹೇಳಿದರೂ ಮೊದಲು ಹೇಳಿದ ಸುಳ್ಳು ಅವರ ದಾಖಲೆಯಲ್ಲಿ ಇರುತ್ತದೆ. ಬಿ660 ಮದರ್‌ಬೋರ್ಡ್ ಒಂದು ಹೀಗೇ ಸಿಕ್ಕಿಬಿತ್ತು. ಬೇಕಿದ್ದದ್ದು ಡಿಡಿಆರ್4 ರ‍್ಯಾಮ್ ಹಿಡಿಯುವ ಬೋರ್ಡ್, ಬಂದದ್ದು ಅದರ ಮುಂದಿನ ಪೀಳಿಗೆಯ ಡಿಡಿಆರ್5ರದ್ದು. ಬೆಲೆ ಹನ್ನೊಂದು ಸಾವಿರದ ಆಸುಪಾಸು, ಕೊನೆಗೆ ಏಳಕ್ಕೆ ಮಾರಬೇಕಾಯಿತು. ಆ ನಾಲ್ಕು ಸಾವಿರ ಹೋದ ಮೇಲೆ ಡಿಫೆಕ್ಟಿವ್ ಎಂಬ ಗುಂಡಿಯನ್ನು ನಿಜವಾಗಿ ಕೆಟ್ಟ ಮಾಲಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಲ್ಲ.

ಎರಡನೆಯದು "ರಿಪ್ಲೇಸ್‌ಮೆಂಟ್". ಕಂಪ್ಯೂಟರ್ ಪಾರ್ಟ್‌ಗಳಿಗೆ ಬಹಳ ಕಡೆ 7 ದಿನದ ರಿಪ್ಲೇಸ್‌ಮೆಂಟ್ ಮಾತ್ರ ಇರುತ್ತದೆ. ಅದನ್ನು ಒತ್ತಿದರೆ ಅದೇ ಹೊಂದದ ಪಾರ್ಟ್ ಮತ್ತೊಂದು ಬರುತ್ತದೆ, ರೀಫಂಡ್ ಕೇಳುವ ದಾರಿಯೂ ಮುಚ್ಚುತ್ತದೆ. ಆಯ್ಕೆಯಲ್ಲಿ ರೀಫಂಡ್ ಕಾಣದಿದ್ದರೆ ಏನನ್ನೂ ಒತ್ತದೆ ಸೀದಾ ಚಾಟ್‌ಗೆ ಹೋಗಬೇಕು.

ಆದರೆ ಇದೆಲ್ಲ ಆಮೇಲಿನ ಮಾತು. ಗೆಲುವು ಸೋಲು ತೀರ್ಮಾನ ಆಗುವುದು ಸೀಲ್ ಒಡೆಯುವ ಮುಂಚೆ. ಹೊಂದುತ್ತದೋ ಇಲ್ಲವೋ ಎಂದು ತಿಳಿಯಲು ಡಬ್ಬಿ ತೆರೆಯಲೇಬೇಕಾದ ಪ್ರಸಂಗ ಹತ್ತರಲ್ಲಿ ಎರಡು ಮಾತ್ರ.

ರ‍್ಯಾಮ್ ತಗೊಳ್ಳಿ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಡೆಸ್ಕ್‌ಟಾಪ್‌ನಲ್ಲಿ ಪಿನ್ 288 ಮಾತ್ರ, ಉದ್ದವೂ ಒಂದೇ. ಎಣಿಸಿ ಗೊತ್ತಾಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪ್ಯಾಕ್ ಮೇಲೆಯೇ ಹಳೆಯ ರ‍್ಯಾಮ್ ಇಟ್ಟು, ಎರಡರ ತುದಿ ಸರಿಹೊಂದಿಸಿ, ಕೆಳಗಿನ ಅಂಚಿನ ಕಚ್ಚು (ಕತ್ತರಿಸಿದ ಸಣ್ಣ ಸಂದು) ನೋಡುತ್ತೇನೆ. ಡಿಡಿಆರ್5ರ ಕಚ್ಚು ನಟ್ಟನಡುವಿಗೆ ಹೆಚ್ಚು ಹತ್ತಿರ. ಕಚ್ಚಿನ ಮೇಲೆ ಕಚ್ಚು ಕೂರದಿದ್ದರೆ ಪ್ಯಾಕ್ ಹಾಗೇ ಪಕ್ಕಕ್ಕೆ. ಹತ್ತು ಸೆಕೆಂಡಿನ ಕೆಲಸ. ಲ್ಯಾಪ್‌ಟಾಪ್ ರ‍್ಯಾಮ್‌ನಲ್ಲಿ ಮೋಸ ಹೋಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಜಾಗ, ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತದೆ. 1.35 ವೋಲ್ಟ್ ಮಾತ್ರ ಕೊಡುವ ಲ್ಯಾಪ್‌ಟಾಪ್‌ಗೆ 1.5 ವೋಲ್ಟ್ ರ‍್ಯಾಮ್ ಹಾಕಿದರೆ ಪರದೆ ಏಳುವುದಿಲ್ಲ. ಸ್ಟಿಕ್ಕರ್ ಮೇಲೆ ಪಿಸಿ3 ಇದೆಯೋ ಪಿಸಿ3ಎಲ್ ಇದೆಯೋ ನೋಡಬೇಕು, ವ್ಯತ್ಯಾಸ ಆ ಒಂದಕ್ಷರದ್ದು.

ಎಂ.2 ಎಸ್‌ಎಸ್‌ಡಿಗೂ (ಬೋರ್ಡ್‌ಗೆ ನೇರ ಕೂರುವ ತೆಳ್ಳನೆಯ ಶೇಖರಣೆ ಡ್ರೈವ್) ಪ್ಯಾಕ್ ಹೊರಗಿಂದಲೇ ಪರೀಕ್ಷೆ ಆಗುತ್ತದೆ. ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚಿದ್ದರೆ ಹೆಚ್ಚಾಗಿ ಸಾಟಾ (ನಿಧಾನದ ಹಳೆ ಬಗೆ), ಒಂದೇ ಇದ್ದರೆ ಎನ್‌ವಿಎಂಇ (ವೇಗದ ಹೊಸ ಬಗೆ). ಎರಡು ಕಚ್ಚಿನ ಎನ್‌ವಿಎಂಇ ಕೂಡ ಇವೆ, ಆದ್ದರಿಂದ ಕಚ್ಚು ನೋಡಿದ ಮೇಲೆ ಲೇಬಲ್ ಓದಲೇಬೇಕು. ಪ್ರೊಸೆಸರ್‌ಗೆ ಡಬ್ಬಿಯ ಲೇಬಲ್ ಸಾಕು. ಐ5-12400ಎಫ್ ಡಬ್ಬಿ ಮೇಲೆ ಬಿಎಕ್ಸ್8071512400ಎಫ್ ಎಂದಿರುತ್ತದೆ. ಆ ಕೊನೆಯ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಮಷಿನ್‌ಗೆ ಇದನ್ನು ತರಿಸಿಕೊಂಡು "ಡಿಸ್ಪ್ಲೇ ಬರವಲ್ದು" ಎಂದು ಬರುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ.

ಎಲ್ಲವೂ ಹೊಂದದ ಪಾರ್ಟ್ ಅಲ್ಲ ಎಂಬುದನ್ನೂ ಹೇಳಬೇಕು. ನನ್ನ ಕಡೆ ಬರುವುದರಲ್ಲಿ ಕಾಲು ಭಾಗ ಬಯೋಸ್ (ಬೋರ್ಡ್ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶ) ತಕರಾರು. ಹಳೆ ಸ್ಟಾಕಿನ ಬಿ660 ಅಥವಾ ಎಚ್610 ಬೋರ್ಡ್, ಮೇಲೆ ಇಂಟೆಲ್‌ನ 14ನೇ ಪೀಳಿಗೆಯ ಪ್ರೊಸೆಸರ್. ಎರಡಕ್ಕೂ ಸಾಕೆಟ್ ಒಂದೇ, ಎಲ್‌ಜಿಎ1700, ಆದರೆ ಬಯೋಸ್ ಹಳೆಯದು. ಎಎಂಡಿಯ ಬಿ450 ಬೋರ್ಡ್ ಮೇಲೆ ರೈಜನ್ 5000 ಸಾಲಿನ ಪ್ರೊಸೆಸರ್ ಹಾಕಿದಾಗಲೂ ಇದೇ ಕತೆ. ಎಲ್‌ಜಿಎ1700 ಬೋರ್ಡ್‌ಗಳಿಗೆಂದು 12ನೇ ಪೀಳಿಗೆಯ ಒಂದು ಸಾದಾ ಪ್ರೊಸೆಸರ್ ಕೈಯಲ್ಲಿಟ್ಟುಕೊಂಡಿದ್ದೇನೆ. ಅದನ್ನು ಹಾಕಿ ಬಯೋಸ್ ಏರಿಸಿದರೆ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ, ವಾಪಸ್ ಗೋಳೇ ಇಲ್ಲ. ಪ್ರೊಸೆಸರ್ ತಂಪಾಗಿಡುವ ಕೂಲರ್‌ನದೂ ಹಾಗೇ. ಹಿಂದಿನ ಸಾಕೆಟ್ ಎಲ್‌ಜಿಎ1200ಕ್ಕೆ ರಂಧ್ರದ ಅಂತರ 75 ಮಿಲಿಮೀಟರ್, ಎಲ್‌ಜಿಎ1700ಕ್ಕೆ 78. ಹಳೆ ಕೂಲರ್ ಕೂರದಿದ್ದರೆ ಬ್ರಾಕೆಟ್ ಮಾತ್ರ ತರಿಸಿದರೆ ಸಾಕು.

ಈಗ ಕಾರಣ ಬರೆಯುವ ವಿಚಾರ. ಗಿರಾಕಿಗೆ ಮನಸ್ಸು ಬದಲಾಯಿತು ಎಂದು ವಾಪಸ್ ಪಡೆಯಬೇಕಾದ ಕಾನೂನು ನಮ್ಮಲ್ಲಿಲ್ಲ, ಅದು ಆಯಾ ಮಾರಾಟಗಾರನ ನೀತಿಗೆ ಬಿಟ್ಟದ್ದು. ಆದರೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ಮಾಲಿನಲ್ಲಿ ಇಲ್ಲದಿದ್ದರೆ ವಾಪಸ್ ತಗೊಳ್ಳುವುದಿಲ್ಲ ಎನ್ನುವಂತಿಲ್ಲ. ನನ್ನ ಪದ್ಧತಿ ಪೂರ್ತಿ ನಿಂತಿರುವುದು ಈ ಮಾತಿನ ಮೇಲೆ. ಹಾಗಾಗಿ ಪಾರ್ಟ್ ಬಂದ ತಕ್ಷಣ ಮಾರಾಟದ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದುತ್ತೇನೆ: ಶೀರ್ಷಿಕೆ, ಫೋಟೊ, ವಿವರದ ಪಟ್ಟಿ, ಪ್ರಶ್ನೋತ್ತರ. ಶೀರ್ಷಿಕೆಯಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಇರುವುದು ತೀರ ಸಾಮಾನ್ಯ. ಶೀರ್ಷಿಕೆ ಡಿಡಿಆರ್4 ಎನ್ನುತ್ತದೆ, ಪಟ್ಟಿ ಡಿಡಿಆರ್5 ಎನ್ನುತ್ತದೆ. ಹಳೆ ಡೆಸ್ಕ್‌ಟಾಪ್‌ನ ಮಾದರಿ ಹೆಸರು ಹಾಕಿ "ಹೊಂದುತ್ತದೆ" ಎಂದಿರುತ್ತಾರೆ, ಆದರೆ ಅದರ ಸಣ್ಣ ಕ್ಯಾಬಿನೆಟ್‌ಗೆ ಈ ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಪೆಟ್ಟಿಗೆ) ಹಿಡಿಸುವುದೇ ಇಲ್ಲ. ಸಿಕ್ಕಿದ್ದನ್ನೆಲ್ಲ ಅದೇ ಗಳಿಗೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ದೂರು ಹೋದ ಮರುದಿನ ಪುಟ ತಿದ್ದಿಬಿಟ್ಟದ್ದನ್ನು ಎರಡು ಸಲ ಕಂಡಿದ್ದೇನೆ.

ಇನ್ನೂ ಗಟ್ಟಿ ದಾರಿ, ಕೊಳ್ಳುವ ಮುಂಚೆಯೇ ಪ್ರಶ್ನೆ ಹಾಕುವುದು. "ನನ್ನ ಹತ್ತಿರ ಇಂಥ ಬೋರ್ಡ್ ಇದೆ, ಇದಕ್ಕೆ ಕೂರುತ್ತದೆಯೇ?" ಎಂದು ಮಾದರಿಯ ಪೂರ್ತಿ ಹೆಸರು ಬರೆದು ಕೇಳಬೇಕು. ಮಾರುವವನು "ಹೌದು" ಎಂದರೆ ಅದೇ ಒಪ್ಪಿಕೊಂಡ ಗುಣಲಕ್ಷಣ. ಆ ಒಂದು ಸಾಲಿನ ಉತ್ತರ ಇಟ್ಟುಕೊಂಡು ಹಾಕಿದ ರಿಟರ್ನ್ ಒಂದೂ ಸೋತಿಲ್ಲ.

ಚಾಟ್‌ನಲ್ಲಿ ಮೂರು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ: ಪುಟದಲ್ಲಿ ಏನಿದೆ, ಬಂದದ್ದು ಏನು, ಸೀಲ್ ಒಡೆದಿಲ್ಲ. ಅವರು "ಪಾಲಿಸಿ ಇಲ್ಲ" ಎಂದರೆ ಪುಟದಲ್ಲೇ ಹೆಸರಿರುವ ಕುಂದುಕೊರತೆ ಅಧಿಕಾರಿಗೆ ಇಮೇಲ್. 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಆ ಇಮೇಲಿನ ಮೊದಲ ಸಾಲನ್ನು ಹೇಗೆ ಬರೆಯುತ್ತೇನೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ, ನನ್ನ ದಂಧೆ ನಡೆಯುವುದು ಅದರ ಮೇಲೆ. ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯವರೆಗೆ ಹೋದದ್ದು ಮೂರು ಸಲ, ಮೂರರಲ್ಲೂ ದುಡ್ಡು ಬಂದಿದೆ. ಜಿಲ್ಲಾ ಗ್ರಾಹಕ ಆಯೋಗದವರೆಗೆ ಹೋಗುವ ಪ್ರಸಂಗ ಬಂದಿಲ್ಲ. ಬಂದರೂ 2019ರ ಕಾಯ್ದೆಯಂತೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರುವವನ ಊರಿಗೆ ಓಡಾಡಬೇಕಿಲ್ಲ.

ಸಾಕ್ಷಿಗೆ ಎಲ್ಲರೂ ಅನ್‌ಬಾಕ್ಸಿಂಗ್ ವಿಡಿಯೊ ತೆಗೆಯುತ್ತಾರೆ. ನಾನು ಅದರ ಜೊತೆ ತೂಕವನ್ನೂ ಹಿಡಿಯುತ್ತೇನೆ. ಪಾರ್ಸೆಲ್ ಬಂದಾಗ ಒಮ್ಮೆ, ವಾಪಸ್ ಕೊಡುವಾಗ ಒಮ್ಮೆ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಮೇಲಿಟ್ಟು ಅಂಕಿ ಮತ್ತು ಪಾರ್ಸೆಲ್ ಲೇಬಲ್ ಎರಡೂ ಒಂದೇ ಫ್ರೇಮ್‌ನಲ್ಲಿ ಬರುವಂತೆ. "ಖಾಲಿ ಡಬ್ಬಿ ಬಂದಿದೆ" ಎಂದು ಗೋದಾಮಿನವರು ಒಮ್ಮೆ ಬರೆದಾಗ ಕೆಲಸಕ್ಕೆ ಬಂದದ್ದು ಈ ಎರಡು ಅಂಕಿಯೇ. ಹದಿನಾಲ್ಕು ಸಾವಿರದ ಗ್ರಾಫಿಕ್ಸ್ ಕಾರ್ಡ್ ಅದು. ಸೀರಿಯಲ್ ನಂಬರ್ ಡಬ್ಬಿ ಮೇಲಿನದು, ಪಾರ್ಟ್ ಮೇಲಿನದು, ಬಿಲ್ಲಿನದು ಮೂರೂ ಒಂದೇ ಫೋಟೊದಲ್ಲಿ ಇರಲಿ. ಮದರ್‌ಬೋರ್ಡ್ ತೆರೆದಿದ್ದರೆ ಸಾಕೆಟ್ ಪಿನ್‌ಗಳಿಗೆ ಪಕ್ಕದಿಂದ ಟಾರ್ಚ್ ಬಿಟ್ಟು ಹತ್ತಿರದ ಫೋಟೊ, ಆಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮತ್ತೆ ಹಾಕಲೇಬೇಕು. ಆ ಮುಚ್ಚಳ ಕಳೆದದ್ದಕ್ಕೆ ಒಂದು ಬೋರ್ಡ್ ತಿರುಗಿ ಬಂದಿದೆ.

ಪ್ಯಾಕಿಂಗ್‌ನಲ್ಲಿ ಕೆಡುವುದು ಒಂದೇ ಕಡೆ: ಕಂಪನಿಯ ಡಬ್ಬಿ ಮೇಲೆಯೇ ಟೇಪ್ ಸುತ್ತುವುದು, ಅದರ ಮೇಲೆಯೇ ಲೇಬಲ್ ಅಂಟಿಸುವುದು. ಮತ್ತೆ ಮಾರಲು ಬರದ ಡಬ್ಬಿ ಎಂದು ತಿರಸ್ಕರಿಸುತ್ತಾರೆ. ಹೊರಗೊಂದು ರಟ್ಟಿನ ಪೆಟ್ಟಿಗೆ ಬೇಕೇ ಬೇಕು. ಮೆಡಿಕಲ್ ಅಂಗಡಿಗೆ ಸಲೈನ್ ಬಾಟಲಿ ಬರುವ ಪೆಟ್ಟಿಗೆ ಬಲು ಗಟ್ಟಿ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ನಮ್ಮ ಕಡೆಯ ಬೇಸಿಗೆಯ ಒಣ ಹವೆಯಲ್ಲಿ ಸ್ಟ್ಯಾಟಿಕ್ ಬೇಗ ಹತ್ತುತ್ತದೆ, ಬರಿ ಬಬಲ್ ಶೀಟ್ ಬೋರ್ಡ್‌ಗೆ ತಾಗಬಾರದು. ಮೊದಲು ಬೆಳ್ಳಿ ಬಣ್ಣದ ಕವರ್, ಆಮೇಲೆ ಬಬಲ್.

ಪಿಕಪ್ ಎನ್ನುವುದು ಈ ಭಾಗದವರಿಗೆ ದೊಡ್ಡ ತಲೆನೋವು. ನವನಗರ, ವಿದ್ಯಾಗಿರಿಯಲ್ಲಿ ಹುಡುಗರು ಬರುತ್ತಾರೆ. ಹುನಗುಂದ, ಬಾದಾಮಿ ಸುತ್ತಲಿನ ಹಳ್ಳಿಗಳಿಗೆ ಬರದೆಯೇ "ಗ್ರಾಹಕ ಸಿಗಲಿಲ್ಲ" ಎಂದು ಹಾಕಿಬಿಡುತ್ತಾರೆ. ಹೀಗೆ ಎರಡು ಮೂರು ಸಲ ಆದರೆ ರಿಟರ್ನ್ ತಾನೇ ರದ್ದಾಗುತ್ತದೆ, ಅಷ್ಟರಲ್ಲಿ 7 ದಿನ ಮುಗಿದಿರುತ್ತದೆ. ಮೊದಲ ಸಲ ತಪ್ಪಿದ ದಿನವೇ ಕಾಲ್ ಲಾಗ್ ಸ್ಕ್ರೀನ್‌ಶಾಟ್ ಸಮೇತ ಚಾಟ್‌ನಲ್ಲಿ ಬರೆದು, ಪಿಕಪ್ ವಿಳಾಸವನ್ನು ಪೇಟೆಯ ಪರಿಚಿತರ ಅಂಗಡಿಗೆ ಬದಲಿಸುವುದೇ ಉಪಾಯ. ವಿಳಾಸ ಬದಲಿಸಲು ಬಿಡದಿದ್ದರೆ ಸ್ಪೀಡ್ ಪೋಸ್ಟ್. ಖರ್ಚು ಕೊಡುತ್ತೇವೆ ಎಂದು ಮೊದಲೇ ಬರೆಸಿಕೊಂಡು, ರಸೀದಿ ಜೋಪಾನ ಮಾಡಬೇಕು.

ದುಡ್ಡಿನ ಲೆಕ್ಕ. ಯುಪಿಐ ಆದರೆ ಎರಡು ಮೂರು ದಿನ, ಕಾರ್ಡ್ ಆದರೆ ವಾರ. ಬ್ಯಾಂಕ್ ಆಫರ್ ಕಡಿತ ಕಳೆದು ಉಳಿದದ್ದಷ್ಟೇ ಬರುತ್ತದೆ. ಇಎಂಐನ ಪ್ರೊಸೆಸಿಂಗ್ ಶುಲ್ಕ ನನ್ನ ಕೈಗೆ ಒಮ್ಮೆಯೂ ಮರಳಿಲ್ಲ, ಆದ್ದರಿಂದ ಹೊಂದಾಣಿಕೆಯ ಅನುಮಾನ ಇರುವ ಪಾರ್ಟ್ ಇಎಂಐನಲ್ಲಿ ಬೇಡ. ಪರ ಊರಿನ ಒಂದು ಚಿಕ್ಕ ಆನ್‌ಲೈನ್ ಅಂಗಡಿ ನೂರಕ್ಕೆ ಹದಿನೈದು ಮುರಿದುಕೊಂಡಿತು. ಅವರ ಷರತ್ತಿನಲ್ಲಿ ಅದು ಬರೆದೇ ಇತ್ತು, ಜಗಳಕ್ಕೆ ಜಾಗ ಇರಲಿಲ್ಲ. ಜಿಎಸ್‌ಟಿ ನಂಬರ್ ಹಾಕಿ ತರಿಸಿದ ಅಂಗಡಿಯವರು ಕ್ರೆಡಿಟ್ ನೋಟ್ (ವಾಪಸಾದ ಮಾಲಿನ ಮೊತ್ತ ಬಿಲ್ಲಿನಿಂದ ಕಳೆದ ಚೀಟಿ) ಕೇಳಿ ಪಡೆಯಬೇಕು, ತಗೊಂಡ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯ ಕಳೆತ) ವಾಪಸ್ ತೋರಿಸಬೇಕು. ಇಲ್ಲದಿದ್ದರೆ ಆ 18% ತೆರಿಗೆ ಮುಂದೆ ನೋಟಿಸ್ ಆಗಿ ಬರುತ್ತದೆ.

ವಾಪಸ್ ಹೋಗದ ಐದಾರರಲ್ಲೂ ಕೆಲವನ್ನು ದಾರಿಗೆ ತಂದಿದ್ದೇನೆ. ಸ್ಲಾಟ್‌ಗೆ ಹೊಂದದ ಎಂ.2 ಸಾಟಾ ಡ್ರೈವ್‌ಗೆ ಏಳುನೂರು ರೂಪಾಯಿಯ ಯುಎಸ್‌ಬಿ ಕೇಸ್ ಹಾಕಿ ಬ್ಯಾಕಪ್ ಡ್ರೈವ್ ಮಾಡಿದೆ. ಎನ್‌ವಿಎಂಇ ಕೇಸ್ ಬೇರೆ, ಸಾಟಾ ಕೇಸ್ ಬೇರೆ, ಅಲ್ಲಿ ಮತ್ತೆ ಎಡವಬೇಡಿ. ಲ್ಯಾಪ್‌ಟಾಪ್‌ನ ಡಿಡಿಆರ್4 ರ‍್ಯಾಮ್ ಅನ್ನು ಅಡಾಪ್ಟರ್ ಪಟ್ಟಿ ಮೇಲೆ ಕೂರಿಸಿ ಡೆಸ್ಕ್‌ಟಾಪ್‌ಗೆ ಹಾಕಿದೆ. 3200ರ ವೇಗದಲ್ಲಿ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಅರ್ಧ ಗಂಟೆಯಲ್ಲೇ ಕೆಂಪಾಗಿ ತಪ್ಪು ತೋರಿಸಿತು, 2133ಕ್ಕೆ ಇಳಿಸಿದ ಮೇಲೆ ರಾತ್ರಿಯಿಡೀ ಒಂದೂ ತಪ್ಪಿಲ್ಲದೆ ಓಡಿತು. ಗಿರಾಕಿಗೆ ಕೊಡುವಂಥದ್ದಲ್ಲ. ನನ್ನ ಬೆಂಚಿನ ಟೆಸ್ಟ್ ಮಷಿನ್‌ನಲ್ಲಿ ಎಂಟು ತಿಂಗಳಿಂದ ನಡೆಯುತ್ತಿದೆ.