ವಿ-ಕ್ರಾಸ್‌ಗೆ ಹೊಸ ಏರ್ ಇಂಟೇಕ್, ರೀಮ್ಯಾಪ್: ನಾನು ಅಳೆದು ನೋಡಿದ್ದು

ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. 2.5 ಲೀಟರ್ ಡೀಸೆಲ್, 134 ಎಚ್‌ಪಿ, 320 ಎನ್‌ಎಂ ಟಾರ್ಕ್, ಐದು ಗೇರ್. ಮನೆ ಉಡುಪಿಯಲ್ಲಿ, ತೋಟ ಹೆಬ್ರಿ ಹತ್ತಿರ, ನೆಂಟರು ತೀರ್ಥಹಳ್ಳಿ ಕಡೆ. ಹಾಗಾಗಿ ಗೊಬ್ಬರ, ಪೈಪು, ಅಡಿಕೆ ಚೀಲ ಹೊತ್ತುಕೊಂಡು ಆಗುಂಬೆ ಘಾಟಿ ಹತ್ತುವುದು ನನ್ನ ಗಾಡಿಗೆ ಮಾಮೂಲಿ ಕೆಲಸ. ಪಿಕಪ್ ಇರುವವರು ಸಿಕ್ಕಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. ಏರ್ ಇಂಟೇಕ್ ಬದಲಿಸಿದರೆ ಪುಲ್ಲಿಂಗ್ ಜಾಸ್ತಿ ಆಗ್ತದಾ, ರೀಮ್ಯಾಪ್ ಮಾಡಿಸಬಹುದಾ? ಇಂಟೇಕ್ ಎಂದರೆ ಎಂಜಿನ್‌ಗೆ ಗಾಳಿ ತರುವ ಫಿಲ್ಟರ್, ಬಾಕ್ಸ್, ಪೈಪು. ರೀಮ್ಯಾಪ್ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಈಸಿಯುವಿನ ಲೆಕ್ಕವನ್ನೇ ಬದಲಿಸುವುದು. ಎರಡಕ್ಕೂ ಉತ್ತರ ಬೇರೆ ಬೇರೆ. ಇಂಟೇಕ್‌ನಿಂದ ಏನೂ ಸಿಗುವುದಿಲ್ಲ. ರೀಮ್ಯಾಪ್‌ನಿಂದ ನಿಜಕ್ಕೂ ಸಿಗುತ್ತದೆ, ಆದರೆ ಅದರ ಬೆಲೆಯನ್ನು ಗಾಡಿಯ ಬೇರೆ ಭಾಗಗಳು ಕೊಡುತ್ತವೆ.

ಮೊದಲು ಇಂಟೇಕ್ ವಿಷಯ. ಡೀಸೆಲ್ ಎಂಜಿನ್‌ನಲ್ಲಿ ಶಕ್ತಿ ಎಷ್ಟು ಎಂದು ನಿರ್ಧರಿಸುವುದು ಒಳಗೆ ಬೀಳುವ ಡೀಸೆಲ್. ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಇಲ್ಲದಿದ್ದರೆ ಕಪ್ಪು ಹೊಗೆ ಬರುತ್ತದೆ. ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು ಎಂಬುದನ್ನೂ ಈಸಿಯು ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಫಿಲ್ಟರ್ ಸ್ವಲ್ಪ ತಡೆದರೆ ಟರ್ಬೊವನ್ನು ಸ್ವಲ್ಪ ಜಾಸ್ತಿ ದುಡಿಸಿ ಅದೇ ಒತ್ತಡಕ್ಕೆ ತರುತ್ತದೆ. ಗಾಳಿ ಸಲೀಸಾಗಿ ಬಂದರೂ ಡೀಸೆಲ್ ಅಷ್ಟೇ. ಹಾಗಾದರೆ ಶಕ್ತಿ ಎಲ್ಲಿಂದ ಬರಬೇಕು?

ಇದು ಪುಸ್ತಕದ ಮಾತು ಎಂದು ಬಿಟ್ಟುಬಿಡಬಾರದಲ್ವಾ? ಅದಕ್ಕೆ ಅಳೆದೆ. ಗಾರೆ ಕೆಲಸದವರು ಲೆವೆಲ್ ನೋಡಲು ಬಳಸುವ ಪಾರದರ್ಶಕ ಪೈಪ್ ಉಂಟಲ್ಲ, ಅದೇ ಸಾಕು. ಏರ್ ಬಾಕ್ಸ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಒಂದು ಹಳೆಯದು ಸಿಕ್ಕಿತ್ತು. ಅದಕ್ಕೆ ಸಣ್ಣ ನಿಪ್ಪಲ್ ಕೂರಿಸಿ, ಅಲ್ಲಿಂದ ಪೈಪನ್ನು ಕ್ಯಾಬಿನ್ ಒಳಗೆ ಎಳೆದು, ಒಂದು ಹಲಗೆಗೆ ಯು ಆಕಾರದಲ್ಲಿ ಬಿಗಿದೆ. ಒಳಗೆ ಬಣ್ಣದ ನೀರು. ಎಂಜಿನ್ ಗಾಳಿ ಎಳೆದಾಗ ಒಂದು ಬದಿಯ ನೀರು ಮೇಲೇರುತ್ತದೆ, ಇನ್ನೊಂದು ಇಳಿಯುತ್ತದೆ. ಆ ವ್ಯತ್ಯಾಸವೇ ಗಾಳಿಗೆ ಇರುವ ತಡೆ. ಪೈಪ್ ಉದ್ದಕ್ಕೆ ಬಿಡಬೇಕು, ಇಲ್ಲದಿದ್ದರೆ ನೀರು ಟರ್ಬೊಗೆ ಹೋದೀತು. ಓದಲು ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು.

ಸೋಮೇಶ್ವರ ದಾಟಿ ಏರಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಒತ್ತಿದಾಗ ವ್ಯತ್ಯಾಸ ಬಂದದ್ದು ಸುಮಾರು ಒಂದು ಗೇಣು, ಅಂದರೆ 22 ಸೆಂಟಿಮೀಟರ್ ಆಸುಪಾಸು. ಹೊರಗಿನ ಗಾಳಿಯ ಒತ್ತಡ ನೀರಿನ ಲೆಕ್ಕದಲ್ಲಿ ಹತ್ತು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹತ್ತು ಮೀಟರ್‌ನಲ್ಲಿ ಒಂದು ಗೇಣು ಎಂದರೆ ಶೇಕಡಾ 2. ಮಳೆ ಬಿದ್ದು ಧೂಳು ಕೂತಿದ್ದ ಬೆಳಿಗ್ಗೆ ಫಿಲ್ಟರನ್ನೇ ತೆಗೆದು ಸ್ವಲ್ಪ ದೂರ ಮಾತ್ರ ಹತ್ತಿಸಿದೆ. ತಡೆ ಕಡಿಮೆಯಾದದ್ದು ನಾಲ್ಕು ಬೆರಳಷ್ಟು, ಒಟ್ಟು ಒತ್ತಡದಲ್ಲಿ ಶೇಕಡಾ 1 ಕೂಡ ಇಲ್ಲ. ಉಳಿದ ತಡೆ ಬಾಕ್ಸ್ ಮತ್ತು ಪೈಪಿನದು. ಫಿಲ್ಟರೇ ಇಲ್ಲದಿದ್ದಾಗ ಇಷ್ಟು! ಹಾಗಿರುವಾಗ ಸಾವಿರಾರು ರೂಪಾಯಿಯ ಬೇರೆ ಫಿಲ್ಟರ್ ಹಾಕಿ ಏನು ಲಾಭ?

ಅದಕ್ಕಿಂತ ಮುಖ್ಯ, ಬಾಕ್ಸ್ ಇಲ್ಲದ ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಹೊರಗೆ 35 ಡಿಗ್ರಿ ಇದ್ದು ಬಾನೆಟ್ ಒಳಗೆ 60 ಇದ್ದರೆ, ಆ ಗಾಳಿ ಶೇಕಡಾ 7ರಷ್ಟು ತೆಳು. ಟರ್ಬೊದಿಂದ ಬಂದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಸ್ವಲ್ಪ ಸರಿಮಾಡುತ್ತದೆ, ಪೂರ್ತಿ ಅಲ್ಲ. ಕಂಪನಿ ಬಾಕ್ಸ್ ಹೊರಗಿನ ತಂಪು ಗಾಳಿ ಎಳೆಯುವಂತೆ ಇರುವುದು ಸುಮ್ನೆ ಅಲ್ಲ. ಮತ್ತೆ ಕರಾವಳಿಗೆ ಎರಡು ಶತ್ರುಗಳು. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಅದು ಹಿಟ್ಟಿನಷ್ಟು ನುಣುಪು, ಫಿಲ್ಟರ್ ದಾಟಿದರೆ ಟರ್ಬೊದ ರೆಕ್ಕೆ, ಪಿಸ್ಟನ್ ರಿಂಗ್ ಎಲ್ಲ ಸವೆಯುತ್ತದೆ. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್‌ಗಳಲ್ಲಿ ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರ್ ಮೇಲೂ ಕೂರುತ್ತದೆ. ಇನ್ನೊಂದು ಮಳೆ. ಕೆಳಗೆ ತೆರೆದಿಟ್ಟ ಫಿಲ್ಟರ್ ನೀರು ನಿಂತ ರಸ್ತೆಯಲ್ಲಿ ನೀರನ್ನೇ ಎಳೆದರೆ ಮುಗಿಯಿತು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಗಾಳಿಯನ್ನು ಎತ್ತರದಿಂದ ಎಳೆಯುವ ಕೊಳವೆ, ಸ್ನಾರ್ಕೆಲ್, ಇದಕ್ಕೆ ಒಳ್ಳೆಯದು, ಆದರೆ ಅದರಿಂದ ಶಕ್ತಿ ಬರುವುದಿಲ್ಲ.

ಈಗ ರೀಮ್ಯಾಪ್. ನನ್ನ ಭಾವ ಮಂಗಳೂರಿನವರು, ಅವರದೂ ಇದೇ ಎಂಜಿನ್. ಅವರು ರೀಮ್ಯಾಪ್ ಮಾಡಿಸಿದರು. ಎರಡೂ ಗಾಡಿಗೆ ಒಂದೇ ಲೆಕ್ಕದ ಗೊಬ್ಬರದ ಚೀಲ ಹಾಕಿ ಒಟ್ಟಿಗೇ ಆಗುಂಬೆ ಹತ್ತಿದೆವು. ತಿರುವು ದಾಟಿದ ಮೇಲೆ ನಾನು ಎರಡನೇ ಗೇರಿನಲ್ಲಿ ಎಳೆಸುತ್ತಿದ್ದ ಕಡೆ ಅವರು ಮೂರನೇ ಗೇರಿನಲ್ಲೇ ಹೋಗುತ್ತಿದ್ದರು. ನಾನೇ ಅವರ ಗಾಡಿ ಓಡಿಸಿಯೂ ನೋಡಿದೆ. ಭ್ರಮೆ ಅಲ್ಲ, ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಡೀಸೆಲ್ ಜಾಸ್ತಿ, ಟರ್ಬೊ ಒತ್ತಡ ಜಾಸ್ತಿ, ಟಾರ್ಕ್‌ಗೆ ಕಂಪನಿ ಹಾಕಿದ್ದ ಮಿತಿ ಸಡಿಲ. ಶಕ್ತಿ ಬರಲೇಬೇಕು.

ಕೆಲವು ತಿಂಗಳಾದ ಮೇಲೆ ಅವರ ಕ್ಲಚ್ ಜಾರಲು ಶುರುವಾಯಿತು. ಲೋಡ್ ಹಾಕಿ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. 2000 ಆರ್‌ಪಿಎಂಗಿಂತ ಕೆಳಗೇ ದೊಡ್ಡ ಟಾರ್ಕ್ ಸುರಿದರೆ ಕ್ಲಚ್ ಪ್ಲೇಟ್ ತಡೆಯುವುದಿಲ್ಲ. ಹೊಸ ಕ್ಲಚ್ ಹಾಕಿಸಿ, ಕೆಳಗಿನ ಆರ್‌ಪಿಎಂನ ಟಾರ್ಕ್ ಇಳಿಸಿಕೊಂಡರು. ಈಗ ಚೆನ್ನಾಗಿ ಓಡುತ್ತಿದೆ. ಮಾಡಿಸುವವರು ಇದನ್ನು ಮೊದಲೇ ಕೇಳಬೇಕು. ಒಟ್ಟು ಎಚ್‌ಪಿ ಎಷ್ಟು ಎಂದು ಕೇಳಿದರೆ ಸಾಲದು, ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಎಷ್ಟು ಇಡುತ್ತೀರಿ ಎಂದು ಕೇಳಿ.

ನನಗೆ ಜಾಸ್ತಿ ಚಿಂತೆ ಬಿಸಿಯದ್ದು. ಹೈವೇಯಲ್ಲಿ ಓವರ್‌ಟೇಕ್‌ಗೆ ಒತ್ತುವುದು ಕೆಲವು ಸೆಕೆಂಡ್. ಘಾಟಿಯಲ್ಲಿ ಲೋಡ್ ಹಾಕಿ 14 ತಿರುವು ಹತ್ತುವಾಗ ಎಂಜಿನ್ ಬಿಡುವಿಲ್ಲದೆ ದುಡಿಯುತ್ತದೆ. ಸೈಲೆನ್ಸರ್ ಗಾಳಿಯ ಬಿಸಿ ಟೆಂಪರೇಚರ್ ಮೀಟರ್‌ನಲ್ಲಿ ಕಾಣುವುದಿಲ್ಲ, ಅದು ಕೂಲಂಟ್ ಬಿಸಿ ಮಾತ್ರ ತೋರಿಸುತ್ತದೆ. ಟರ್ಬೊಗೆ ಮುಂಚೆ 700 ಡಿಗ್ರಿ ದಾಟಿಸಿ ಹೆಚ್ಚು ಹೊತ್ತು ಓಡಿಸಬಾರದು ಎಂಬುದು ಈ ಕೆಲಸ ಬಲ್ಲವರ ಅಂದಾಜು. ರೀಮ್ಯಾಪ್ ಮಾಡಿ ಭಾರ ಹೊರುವವರು ಅದಕ್ಕೊಂದು ಪ್ರತ್ಯೇಕ ಮೀಟರ್ ಹಾಕಿಸಲೇಬೇಕು. ಕಪ್ಪು ಹೊಗೆ ಬಂದರೆ ಮಾತ್ರ ಗಾಳಿ ಸಾಲುತ್ತಿಲ್ಲ ಎಂದರ್ಥ, ಆಗ ಇಂಟರ್‌ಕೂಲರ್, ಇಂಟೇಕ್ ಬಗ್ಗೆ ಯೋಚಿಸಬಹುದು. 2021ರಿಂದ ಬಂದ 1.9 ಲೀಟರ್ ಬಿಎಸ್6 ವಿ-ಕ್ರಾಸ್‌ನಲ್ಲಿ ಕಂಪನಿಯೇ 163 ಎಚ್‌ಪಿ, 360 ಎನ್‌ಎಂ ಕೊಟ್ಟಿದೆ. ಅದರಲ್ಲಿ ಹೊಗೆ ಜಾಸ್ತಿಯಾದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟಿಕೊಳ್ಳುತ್ತದೆ. ಅದರ ರೀಮ್ಯಾಪ್‌ಗೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ.

ಪೆಡಲ್ ಬಾಕ್ಸ್ ಎಂದು ಮಾರುತ್ತಾರಲ್ಲ, ಅದು ಆ್ಯಕ್ಸಿಲರೇಟರ್ ಅರ್ಧ ಒತ್ತಿದ್ದನ್ನು ಮುಕ್ಕಾಲು ಎಂದು ಈಸಿಯುಗೆ ಹೇಳುತ್ತದೆ, ಅಷ್ಟೇ. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶ ಇಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡನ್ನೂ ವಿಧಿಸಬಹುದು. ವಾರಂಟಿ ಇದ್ದರೆ ಅದೂ ಹೋಗುತ್ತದೆ.

ನನ್ನ ಗಾಡಿಯ ಪುಲ್ಲಿಂಗ್ ಒಮ್ಮೆ ಕಡಿಮೆಯಾಗಿತ್ತು. ಉಡುಪಿಯ ನನ್ನ ಮೆಕ್ಯಾನಿಕ್ ಹೇಳಿದ್ದು, "ಮೊದಲು ಹೋಸ್ ನೋಡುವ ಮಾರಾಯ್ರೆ, ಮತ್ತೆ ಉಳಿದದ್ದು." ಇಂಟರ್‌ಕೂಲರ್‌ನಿಂದ ಬರುವ ಹೋಸ್‌ನಲ್ಲಿ ಕ್ಲಿಪ್ ಹತ್ತಿರ ಸಣ್ಣ ಬಿರುಕು. ಸುತ್ತ ಎಣ್ಣೆಯ ಜಿಡ್ಡು ಇತ್ತು, ಸೋಪ್ ನೀರು ಹಾಕಿ ಎಂಜಿನ್ ಎಬ್ಬಿಸಿದಾಗ ಗುಳ್ಳೆ ಬಂತು. ಹೋಸ್ ಬದಲಿಸಿದ ಮೇಲೆ ಗಾಡಿ ಮೊದಲಿನಂತಾಯಿತು. ಟಯರ್ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ. 245/70 ಆರ್16 ಇದ್ದಲ್ಲಿ 265/75 ಆರ್16 ಹಾಕಿದರೆ ವ್ಯಾಸ ಶೇಕಡಾ 7 ಜಾಸ್ತಿ, ಚಕ್ರ ನೆಲವನ್ನು ತಳ್ಳುವ ಬಲ ಅಷ್ಟೇ ಕಡಿಮೆ. ಯಾವ ಫಿಲ್ಟರ್ ಕೂಡ ಅದನ್ನು ವಾಪಸ್ ಕೊಡುವುದಿಲ್ಲ.

ನಾನು ರೀಮ್ಯಾಪ್ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಎರಡನೇ ಗೇರಿನಲ್ಲಿ ಹತ್ತಿದರೆ ನನ್ನ ಕೆಲಸ ನಡೆಯುತ್ತದೆ. ನಾನು ಖರ್ಚು ಮಾಡುವುದು ಕಂಪನಿಯ ಪೇಪರ್ ಫಿಲ್ಟರ್‌ಗೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕೆಂಪು ಧೂಳು ತುಂಬಿದ್ದನ್ನು ತೆಗೆದು ಹೊಸದು ಹಾಕುತ್ತೇನೆ. ಹಾಗೆಯೇ ಬಾಕ್ಸ್‌ನ ಕೆಳಗೆ ನೀರು ಇಳಿಯುವ ತೂತು ಮುಚ್ಚಿದೆಯಾ ನೋಡಿ, ಮುಚ್ಚಳದ ಕ್ಲಿಪ್ಪುಗಳು ಸರಿಯಾಗಿ ಬಿಗಿದಿವೆಯಾ ಎಂದು ಕೈಯಲ್ಲೇ ಎಳೆದು ಪರೀಕ್ಷಿಸುತ್ತೇನೆ.