ಶೋರ್ ಸಂಗೀತವನ್ನು ಸ್ವರದಲ್ಲಿ ಬರೆದುಕೊಂಡ ಬಗೆ

ನಾನು ಕಲಿತದ್ದು ಕರ್ನಾಟಕ ಸಂಗೀತದ ಪಿಟೀಲು. ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಸ್ಟಾಫ್ ನೊಟೇಶನ್, ಓದಲು ಬರುವುದಿಲ್ಲ. ‘ಲಾರ್ಡ್ ಆಫ್ ದ ರಿಂಗ್ಸ್’ನ ಮೂರು ಚಿತ್ರಗಳಿಗೆ (2001, 2002, 2003) ಹೋವರ್ಡ್ ಶೋರ್ ಮಾಡಿದ ಸಂಗೀತವನ್ನು ಒಳಹೊಕ್ಕು ತಿಳಿಯಬೇಕು ಅನ್ನಿಸಿದಾಗ ನನಗಿದ್ದ ದಾರಿ ಒಂದೇ. ಕೇಳುವುದು, ಪಿಟೀಲಿನಲ್ಲಿ ಹುಡುಕುವುದು, ಸ್ವರ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಮರುಕಳಿಸುವ ಧಾಟಿಗಳು 80ಕ್ಕೂ ಹೆಚ್ಚು. ನನಗೆ ಇದುವರೆಗೆ ಸಿಕ್ಕಿರುವುದು 31.

ಹಾಬಿಟ್‌ಗಳೆಂಬ ಕುಳ್ಳ ಜನರ ಊರಾದ ಶೈರ್‌ನಿಂದ ಶುರು ಮಾಡಿದೆ. ‘ಸ ರಿ ಗ, ಪ ಗ ರಿ ಸ’ ಎಂದು ಬರೆದು, ಮೇಲೆ ಮೋಹನ ಅಂತ ಹೆಸರು ಹಾಕಿದೆ. ಮುಂದೆ ಹೋದರೆ ಮೋಹನದಲ್ಲಿಲ್ಲದ ನಿಷಾದವೂ ಬಂತು, ಮಧ್ಯಮವೂ ಬಂತು. ಹೊಡೆದುಹಾಕಿ ಶಂಕರಾಭರಣ ಅಂದೆ. ಎರಡು ಹೆಸರಿನಿಂದಲೂ ಏನೂ ತಿಳಿಯಲಿಲ್ಲ. ರಾಗ ಗೊತ್ತಾದರೆ ಅರ್ಧ ಗೊತ್ತಾದ ಹಾಗೆ ಅನ್ನುವ ಅಭ್ಯಾಸ ನನ್ನದು. ಇಲ್ಲಿ ಮೇಲಿನ ಸ್ವರಗಳು ಹಾಗೇ ಇದ್ದು, ಕೆಳಗೆ ಚೆಲ್ಲೋಗಳು ಹಿಡಿದ ಸ್ವರ ಬದಲಾದರೂ ಸಾಕು, ಊರಿನ ಹಾಡು ಊರು ಬಿಟ್ಟವರ ಹಾಡಾಗಿಬಿಡುತ್ತದೆ. ಅಲ್ಲಿಂದ ಪ್ರತಿ ಸಾಲಿನ ಕೆಳಗೂ ಮಂದ್ರದ ಇನ್ನೊಂದು ಸಾಲು ಬರೆಯತೊಡಗಿದೆ. ಅದನ್ನು ಹಿಡಿಯುವುದು ಬಹಳ ಕಷ್ಟ. ಹೆಡ್‌ಫೋನ್ ಹಾಕಿಕೊಂಡು, ಧಾಟಿಯ ಕಡೆ ಗಮನ ಕೊಡದೆ, ಕೆಳಗಿನದನ್ನಷ್ಟೇ ಗುನುಗುತ್ತಾ ಕೂರಬೇಕು.

ದುಷ್ಟ ಮಾಂತ್ರಿಕನ ಕೋಟೆಯಾದ ಐಸೆಂಗಾರ್ಡ್‌ನ ಸೈನ್ಯಕ್ಕೆ ಲೋಹ ಬಡಿಯುವ ಸದ್ದಿದೆ. ತೊಡೆಯ ಮೇಲೆ ಎಂಟೆಣಿಕೆಯ ಆದಿತಾಳ ಹಾಕಿದರೆ ಪ್ರತಿ ಆವರ್ತದಲ್ಲೂ ತಪ್ಪುತ್ತಿತ್ತು. ಐದೈದು ಎಣಿಸಿದೆ, ಕೂತಿತು. ಅದೇ ಲಯಕ್ಕೆ ಮನೆಯೊಳಗೆ ನಡೆದು ನೋಡಿದೆ. ಒಂದು ಆವರ್ತ ಎಡಗಾಲಿನಲ್ಲಿ ಶುರುವಾದರೆ ಮುಂದಿನದು ಬಲಗಾಲಿನಲ್ಲಿ ಶುರುವಾಗುತ್ತದೆ. ಕೇಳುವಾಗ ಎದೆಯಲ್ಲಿ ಆಗುತ್ತಿದ್ದ ತಳಮಳದ ಕಾರಣ ನನಗೆ ಕಾಲಿನಿಂದ ಗೊತ್ತಾಯಿತು.

ಕುದುರೆ ಸವಾರರ ನಾಡಾದ ರೋಹನ್‌ಗೆ ನಾರ್ವೆಯ ಹಾರ್ಡಾಂಗರ್ ಪಿಟೀಲು. ಬಾರಿಸುವ ತಂತಿಗಳ ಕೆಳಗೆ ತಾವಾಗಿಯೇ ಮಿಡಿಯುವ ತಂತಿಗಳಿರುತ್ತವೆ, ನಮ್ಮ ಸಾರಂಗಿಯ ತರಬ್ ಹಾಗೆ. ಆ ಗುಂಗು ನನ್ನ ಪಿಟೀಲಿನಲ್ಲಿ ಬರಲಿಲ್ಲ.

ಸಾರಂಗಿಯೇ ಬರುವುದು ಲಾಥ್ಲೋರಿಯನ್ ಕಾಡಿನಲ್ಲಿ. ಅಲ್ಲಿ ಶೋರ್ ಅರಬ್ಬೀ ಸಂಗೀತದ ಹಿಜಾಜ್ ಎಂಬ ಸ್ವರಶ್ರೇಣಿ ಬಳಸಿದ್ದಾರೆ. ಅದರ ಮೊದಲ ನಾಲ್ಕು ಸ್ವರಗಳ ನಡೆ ನಮ್ಮ ಸರಳೆ ವರಸೆಯ ಮಾಯಾಮಾಳವಗೌಳದ ‘ಸ ರಿ ಗ ಮ’ವೇ. ಚಿತ್ರಕ್ಕೆ ಬೇಕಿದ್ದದ್ದು ಯಾವುದೋ ಅಪರಿಚಿತ, ತುಸು ಭಯ ಹುಟ್ಟಿಸುವ ಜಾಗ. ನನಗೆ ಕೇಳಿಸಿದ್ದು ಏಳನೇ ವಯಸ್ಸಿನ ಬೆಳಗಿನ ಪಾಠ. ಶೈರ್‌ನ ಸಂಗೀತವನ್ನು ಹತ್ತು ನಿಮಿಷ ಕೇಳಿ, ಬೆನ್ನಿಗೇ ಇದನ್ನು ಹಾಕಿದ ಮೇಲಷ್ಟೇ ಆ ಇಳಿದ ರಿಷಭ ಚುಚ್ಚಿತು.

ನೋಟ್‌ಬುಕ್ಕಿನಲ್ಲಿ ಸ್ವರದ ಪಕ್ಕ ಇನ್ನೆರಡು ಅಂಕಣ ಇಟ್ಟಿದ್ದೆ, ಯಾವ ವಾದ್ಯ ಮತ್ತು ಯಾರ ಮಾತಿನ ಹೊತ್ತಿಗೆ. ಅದು ಫಲ ಕೊಟ್ಟದ್ದು ಮೂರನೇ ಚಿತ್ರದಲ್ಲಿ. ಮಾಂತ್ರಿಕ ಗ್ಯಾಂಡಾಲ್ಫ್ ಬಿಳಿ ಕುದುರೆ ಏರಿ ಗಾಂಡೋರ್ ರಾಜ್ಯದ ರಾಜಧಾನಿಯ ಬೀದಿಗಳನ್ನು ಹತ್ತುವಾಗ ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಿಗೆ ಎದ್ದು ನುಡಿಸುತ್ತವೆ. ಬರೆದುಕೊಂಡೆ. ಈ ಸ್ವರಗಳನ್ನು ಎಲ್ಲೋ ಬರೆದಿದ್ದೇನಲ್ಲ ಅನ್ನಿಸಿ ಹಿಂದಿನ ಪುಟಗಳನ್ನು ತಿರುವಿದೆ. ಮೊದಲ ಚಿತ್ರದ ಪುಟದಲ್ಲಿ, ರಿವೆಂಡೆಲ್ ಎಂಬಲ್ಲಿ ನಡೆಯುವ ಸಭೆಯ ಕೆಳಗೆ ಅದೇ ಸಾಲು ಇತ್ತು. ಒಂಟಿ ಫ್ರೆಂಚ್ ಹಾರ್ನ್, ಗಾಂಡೋರ್‌ನ ವೀರ ಬೊರೊಮಿರ್ ಮಾತಾಡುವಾಗ. ಪಕ್ಕದಲ್ಲಿ ‘ಯಾವುದೆಂದು ತಿಳಿಯದು’ ಅಂತ ಪ್ರಶ್ನಾರ್ಥಕ ಹಾಕಿದ್ದೆ.

ತನ್ನ ಜನ ರಕ್ತ ಚೆಲ್ಲಿ ಕಾಯುತ್ತಿರುವ ಊರಿನ ಮಾತನ್ನು ಅವನು ಎತ್ತುವ ಸಭೆ ಅದು. ಆ ಊರು ಪೂರ್ತಿ ವಾದ್ಯವೃಂದದೊಂದಿಗೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅವನು ಸತ್ತಿರುತ್ತಾನೆ. ಶೋರ್ ಆ ಧಾಟಿಯನ್ನು 2001ರಲ್ಲಿ ಅವನ ಬಾಯಿಯ ಬಳಿ ಇಟ್ಟು, ಎರಡು ವರ್ಷ ಕಾದಿದ್ದರು. ಪ್ರಶ್ನಾರ್ಥಕ ಅಳಿಸಿ, ಊರಿನ ಹೆಸರು ಬರೆದೆ.